ಪಾಳಿ ತಪ್ಪದ ಸೊಸೆಯಿಂದ

ಅತ್ತೆವ್ವಾ,

ನಮಸ್ಕಾರ ಬರೆಯುವುದಿಲ್ಲ. ನೀವಿದ್ದಾಗ ದಿನಾ ಬೆಳಿಗ್ಗೆ ಕಾಲು ಮುಟ್ಟಿದ್ದೇ ಸಾಕಷ್ಟಾಯಿತು. ಕ್ಷೇಮವೇ ಎಂದೂ ಕೇಳುವುದಿಲ್ಲ. ಸತ್ತವರ ಕ್ಷೇಮ ಕಟ್ಟಿಕೊಂಡು ನನಗೇನಾಗಬೇಕು? ನಿಮಗೆ ಓದು ಬರುವುದಿಲ್ಲ, ಗೊತ್ತು. ಅಲ್ಲಿ ಯಾರಾದರೂ ಓದು ಬಂದವರು ಸಿಕ್ಕರೆ ಓದಿಸಿಕೊಳ್ಳಿ. ಒಂದೇ ಮಾತು: ಅರ್ಥವಾಗದಿದ್ದರೆ ಆಗಲಿಲ್ಲ ಅನ್ನಿ. "ನನಗ ಎಲ್ಲಾ ತಿಳೀತದ" ಎಂದು ತಲೆ ಆಡಿಸಬೇಡಿ. ನೀವು ಹಾಗೆ ತಲೆ ಆಡಿಸಿದ್ದಕ್ಕೇ ಈ ಪತ್ರ ಬರೆಯಬೇಕಾಗಿ ಬಂದಿದೆ.

ಮದುವೆಯಾಗಿ ಜೇವರ್ಗಿಯಿಂದ ಮುಂಬೈ ಕಡೆಯ ಈ ಘಣಸೋಲಿಗೆ ಬಂದಿಳಿದ ದಿನ ನೆನಪಿದೆಯೇ? ಸ್ಟೇಷನ್ನಿನ ಹೊರಗೆ ಬಂದವರೇ ನೀವು ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳ ತೆಗೆದಿರಿ. ಅವನು ಸೋತು ಗಾಡಿ ಚಾಲೂ ಮಾಡಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಕಲ್ಯಾಣ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಮಾರಿ ಕಲ್ತ ಮರಾಠಿ ಅದ ಇದು, ಏನ್ ತಿಳ್ಕೊಂಡಿ?" ಅಂದಿರಿ. ಖರೆ ಹೇಳುತ್ತೇನೆ, ಅವತ್ತು ನಿಮ್ಮ ಮೇಲೆ ನನಗೆ ಹೆಮ್ಮೆ ಆಗಿತ್ತು. ಗ್ಯಾಸಿನವನಿರಲಿ, ರೇಷನ್ ಅಂಗಡಿಯಿರಲಿ, ನನ್ನ ಬಾಯಿ ನೀವೇ ಆಗಿದ್ದಿರಿ. ಕೆಲಸ ಮಾತ್ರ ನಾನೇ ಹುಡುಕಿಕೊಂಡೆ. ಪಕ್ಕದ ಖೋಲಿಯವಳ ಜೊತೆ ಹೋಗಿ ರಬಾಳೆಯ ಔಷಧಿ ಪ್ಯಾಕಿಂಗ್ ಕಂಪನಿ ಸೇರಿದೆ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ನಮ್ಮವರ ಬಾಯಲ್ಲಿ ನಳದ ನೀರಿಗೂ ಪಾಳಿ, ಕಂಪನಿಗೂ ಪಾಳಿ. ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು, ಗುಳಿಗೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತ, ಹುಡುಗಿಯರ ಜೊತೆ ನಗುತ್ತ... ಆ ಟೊಪ್ಪಿಗೆ ನನಗೆ ಬಹಳ ಇಷ್ಟವಾಗಿತ್ತು.

ಎದುರಿನ ಖೋಲಿಯ ರೇಣುಕಾಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ನೀವೇ ಮುಂದೆ ನಿಂತು ಜೋಗುಳ ಹೇಳಿದಿರಿ. ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದರು. ನನ್ನ ಕೈಗೂ ಬಂತು. ಬೆಚ್ಚಗಿತ್ತು, ಹಾಲಿನ ವಾಸನೆ. ಅಷ್ಟರಲ್ಲಿ ನೀವು ಅಡ್ಡ ಬಂದು ಕಸಿದುಕೊಂಡಿರಿ. "ಇಕೀ ಕೈಯಾಗ ಕೊಡಬ್ಯಾಡ್ರವ್ವಾ, ಕೂಸಿಗೆ ನೆದರ ಆಗ್ತದ. ಇಕಿದು ಇನ್ನ ಒಂದೂ ನಿಂತಿಲ್ಲ." ನನ್ನ ದೃಷ್ಟಿ ತಾಗುತ್ತದಂತೆ! ಹೆಂಗಸರೆಲ್ಲ ನೆಲ ನೋಡಿದರು. ರೇಣುಕಾ ಮಾತ್ರ ನನ್ನ ಮುಖ ನೋಡಿದಳು. ಆಮೇಲೆ ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಒಂದು ಕೂಸನ್ನು ಎತ್ತಿಕೊಂಡದ್ದಕ್ಕೆ ಯಾರಾದರೂ ಹಾಗೆ ಮಾಡುತ್ತಾರೆಯೇ ಅತ್ತೆವ್ವಾ?

ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅದಾದ ಮೇಲೆಯೇ. ಸೆಕ್ಟರಿನ ಆ ವಯಸ್ಸಾದ ಡಾಕ್ಟರಿಗೆ ಮರಾಠಿ ಬಿಟ್ಟರೆ ಇಂಗ್ಲಿಷು. ನನಗೆ ಎರಡೂ ಇಲ್ಲ. ಕುರ್ಚಿಯಲ್ಲಿ ಕುಳಿತವರು ನೀವು, ನಿಂತವಳು ನಾನು. "ಪಾಳೀ ನಿಯಮಿತ ಯೇತೇ ಕಾ?" ಎಂದು ಕೇಳಿದರು. ನಿಯಮಿತವಾಗಿ ಬರುತ್ತದೆಯೇ ಎಂದು. ನೀವು ಒಂದು ಕ್ಷಣವೂ ತಡೆಯಲಿಲ್ಲ. "ಹೋ ಹೋ, ಏಕ್‌ದಮ್ ನಿಯಮಿತ. ಕಧೀಚ್ ಚುಕತ್ ನಾಹೀ." ಎಂದೂ ತಪ್ಪುವುದಿಲ್ಲ! ಡಾಕ್ಟರು ಮತ್ತೆ ಕೇಳಿದರು: ಕೊನೆಯ ಪಾಳಿ ಯಾವಾಗ ಆಯಿತು? ನೀವು ಅಂದಿರಿ: "ಕಾಲಚ್ ಸಂಪಲೀ." ನಿನ್ನೆಯೇ ಮುಗಿಯಿತು. ಹೌದಲ್ಲ, ನನ್ನ ರಾತ್ರಿ ಪಾಳಿಯ ವಾರ ಹಿಂದಿನ ದಿನವೇ ಮುಗಿದಿತ್ತು. ಡಾಕ್ಟರು ನನ್ನ ಕಡೆ ನೋಡಿದರು. ಆ ಇಡೀ ಮಾತುಕತೆಯಲ್ಲಿ ಅವತ್ತು ನನಗೆ ತಿಳಿದ ಒಂದೇ ಪದ ಪಾಳಿ; ಉಳಿದದ್ದರ ಅರ್ಥ ತಿಳಿದದ್ದು ಬಹಳ ಆಮೇಲೆ. ಒಂದಾದರೂ ತಿಳಿಯಿತಲ್ಲ ಎಂಬ ಖುಷಿಗೆ ನಾನೂ ಜೋರಾಗಿ ತಲೆ ಆಡಿಸಿದೆ. ಎಲ್ಲ ಸರಿ ಇದೆ, ಕಾಯಿರಿ ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು.

ತಿರುಗಿ ಬರುವಾಗ ರಿಕ್ಷಾದಲ್ಲೇ ನಿಮ್ಮ ತೀರ್ಪು ಆಗಿಹೋಯಿತು. "ನೋಡಿದೇನ? ಡಾಕ್ಟರ ಮೊದಲ ಪಾಳಿನೇ ಕೇಳ್ದ. ರಾತ್ರಿಯೆಲ್ಲಾ ನಿಂತ್ಕೊಂಡು ದುಡಿಯೋ ಹೆಣ್ಣಿಗೆ ಬಸಿರು ಹೆಂಗ ನಿಲ್ತದ? ನಾಳಿಂದ ಕಂಪನಿ ಬಂದ್." ಮರುದಿನ ನಿಮ್ಮ ಮಗನೇ ಹೋಗಿ ಸೂಪರ್‌ವೈಸರಿಗೆ ಹೇಳಿ ಬಂದ. ಟೊಪ್ಪಿಗೆಯನ್ನೂ ಅವನೇ ಕೊಟ್ಟು ಬಂದ.

ಆಮೇಲಿನ ದಿನಗಳನ್ನು ನೆನಪಿಸಲೇ? ಬೇಡವೆಂದರೂ ನೆನಪಿಸುತ್ತೇನೆ, ಎದ್ದು ಹೋಗಲು ನಿಮಗೀಗ ಕಾಲಿಲ್ಲ. ನನಗೆ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ. ಒಮ್ಮೆ ಬಂದರೆ ಎರಡು ತಿಂಗಳು, ಮೂರು ತಿಂಗಳು ಪತ್ತೆ ಇಲ್ಲ. ಒಂದೇ ಖೋಲಿಯ ಮನೆ. ನಾನು ಹೊರಗೆ ಕೂಡಲಿಲ್ಲ ಎಂಬುದು ನಿಮ್ಮ ಕಣ್ಣಿಗೆ ಮೊದಲು ಬೀಳುತ್ತಿತ್ತು. ಆಗ ನಿಮ್ಮ ಪ್ರೀತಿ ಏನು, ಉಪಚಾರ ಏನು! ಹೋಳಿಗೆ ತಟ್ಟಿದಿರಿ. ಬಿಂದಿಗೆ ಎತ್ತಗೊಡಲಿಲ್ಲ. ಚಾಳಿನ ತುಂಬ ಸುದ್ದಿ ಮಾಡಿದಿರಿ. ಮೂರನೆಯ ತಿಂಗಳು ರಕ್ತ ಕಂಡ ದಿನ ಅದೇ ಬಾಯಿಂದ ಏನಂದಿರಿ? "ನಿಂತದ್ದನ್ನ ಇಳಿಸಿದಿ. ಹೊಟ್ಟ್ಯಾಗೇ ತಿಂದುಬಿಟ್ಟಿ. ಬಂಜಿ ಆದರೂ ಸುಮ್ನಿರ್ತಾಳ, ನೀ ರಾಕ್ಷಸಿ." ಒಂದು ಸಲ ಅಲ್ಲ, ಪ್ರತಿ ಸಲ. ಇದನ್ನು ಆ ಡಾಕ್ಟರಿಗೆ ಹೇಳಿದ್ದರೆ? ಹೇಳುವುದು ಹೇಗೆ? ಗಂಡಸರ ಎದುರು ಆ ಮಾತು ಎತ್ತಬಾರದು ಎಂದು ನೀವೇ ಕಲಿಸಿದ್ದಿರಿ. ನನಗೆ ಯಾವಾಗಲೂ ಸುಸ್ತು, ಮೈಯೆಲ್ಲ ಬಾವು, ಕೂದಲು ಉದುರುತ್ತಿತ್ತು. ಅದಕ್ಕೂ ನಿಮ್ಮಲ್ಲಿ ಒಂದು ಹೆಸರಿತ್ತು: ಎಮ್ಮಿ.

ಕಲ್ಯಾಣದ ಆಸ್ಪತ್ರೆಯಲ್ಲಿ ನಿಮ್ಮ ಕೊನೆಯ ವಾರ ನಾನೇ ಇದ್ದೆ. ನಿಮ್ಮ ಬಟ್ಟೆ ಬದಲಿಸಿದೆ, ಹೇಲು ಉಚ್ಚೆ ಬಳಿದೆ. ಗಂಜಿ ಕುಡಿಸುತ್ತಿದ್ದಾಗ ನಿಮ್ಮ ಮಗ ಬಂದ. ನೀವು ನನ್ನ ಕೈಯಲ್ಲಿದ್ದ ಚಮಚ ದೂಡಿ, ಅವನ ಕೈ ಹಿಡಿದು, ನಿಮ್ಮ ತಂಗಿಯ ಮಗಳ ಹೆಸರು ಹೇಳಿದಿರಿ. "ಪೂಜಾನ್ನ ಮಾಡ್ಕೊ ಮಗಾ. ಇಕಿ ಬಿದ್ದಿರ್ಲಿ ಒಂದು ಮೂಲ್ಯಾಗ." ನಾನು ಅಲ್ಲೇ ಇದ್ದೆ ಅತ್ತೆವ್ವಾ. ಗಂಜಿಯ ಬಟ್ಟಲು ಹಿಡಿದುಕೊಂಡು. ಅವನು "ಹೂಂ" ಅಂದ. ಆಮೇಲೆ ನೀವು ಬಾಯಿ ತೆರೆದಿರಿ, ನಾನು ಉಳಿದ ಗಂಜಿ ಕುಡಿಸಿದೆ.

ನೀವು ಹೋದ ಮೇಲೆ, ನಿಮ್ಮ ತಿಥಿಯ ಊಟ ಮುಗಿದ ಮಧ್ಯಾಹ್ನ ಚಿಗವ್ವ, ಅಂದರೆ ನಿಮ್ಮ ತಂಗಿ, ಎಲೆಯಡಿಕೆ ಹಾಕಿಕೊಂಡು ವಿಷಯ ತೆಗೆದರು. ಪೂಜಾ ಬಾಗಿಲ ಹತ್ತಿರ ಮೊಬೈಲು ತಿಕ್ಕುತ್ತ ಕುಳಿತಿದ್ದಳು. ಕಲ್ಯಾಣದಲ್ಲೇ ಹುಟ್ಟಿದ ಹುಡುಗಿ, ಮರಾಠಿ ಶಾಲೆ. ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಜಾತಿ.

"ಅಕ್ಕನ ಕಡೀ ಆಸೆ ಅದ," ಅಂದರು ಚಿಗವ್ವ.

"ಮೌಸೀ ಕೋ ಇತನಾ ಶೌಕ್ ಥಾ ತೋ ಖುದ್ ಶಾದೀ ಕರ್ ಲೇತೀ," ಅಂದಳು ಪೂಜಾ, ತಲೆ ಎತ್ತದೆ. ಅಷ್ಟು ಆಸೆಯಿದ್ದರೆ ದೊಡ್ಡವ್ವ ತಾನೇ ಮದುವೆಯಾಗಬೇಕಿತ್ತಂತೆ.

"ಬಾಯಿ ಮುಚ್ಚ!" ಚಿಗವ್ವ ನನ್ನ ಕಡೆ ತಿರುಗಿದರು. "ನಿನಗೇನ್ ಕಡಿಮಿ ಮಾಡ್ಯಾಳವ್ವಾ ಅಕ್ಕ? ಡಾಕ್ಟರಿಗೆ ತೋರ್ಸ್ಯಾಳ. ಅವ ಪಾಳಿ ಕೇಳ್ಯಾನ, ತಪ್ಪಂಗಿಲ್ಲ ಅಂತ ಹೇಳ್ಯಾಳ, ಆ ಕೆಲಸಾನೂ ಬಿಡಿಸ್ಯಾಳ. ಇನ್ನೇನ್ ಮಾಡಬೇಕಿತ್ತು?"

ಪೂಜಾ ಈಗ ತಲೆ ಎತ್ತಿದಳು. "ಏಕ್ ಮಿನಿಟ್. ಡಾಕ್ಟರ್ ನೇ ಪಾಳೀ ಪೂಛೀ, ತೋ ಕಾಮ್ ಕ್ಯೂಂ ಛುಡಾಯಾ?" ಅದಕ್ಕೆ ಕೆಲಸ ಯಾಕೆ ಬಿಡಿಸಿದಿರಿ ಎಂದು ಎಲ್ಲರ ಮುಖ ನೋಡಿದಳು. ಯಾರಿಗೂ ಏನೂ ಹೊಳೆಯಲಿಲ್ಲ. "ಅರೇ ದೇವಾ! ಮಮ್ಮೀ, ಮರಾಠೀ ಮೇಂ ಪಾಳೀ ಮತಲಬ್ ಪೀರಿಯಡ್! ಹರ್ ಮಹೀನೇ ವಾಲಾ!"

ಪೀರಿಯಡ್. ಮುಟ್ಟು. ಹೊರಗೆ ಕೂಡುವುದು. ಡಾಕ್ಟರು ಕೇಳಿದ್ದು ಅದನ್ನು. ನೀವು ಹೇಳಿದ್ದು ನನ್ನ ಕಂಪನಿಯ ಹಾಜರಿ. ಪೂಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ಮಾಲೆ ಹಾಕಿದ ನಿಮ್ಮ ಫೋಟೋದ ಎದುರಿಗೇ ನಾನು ಕೇಕೆ ಹಾಕಿ ನಕ್ಕೆ. ಆಮೇಲೆ ಬಚ್ಚಲ ಮೋರಿಯಲ್ಲಿ ಪಾತ್ರೆ ತಿಕ್ಕುತ್ತ ಅತ್ತೆ. ನೋಡಿ, ನಾನು ಅತ್ತರೂ ಬಾಯಲ್ಲಿ ನೀವೇ ಬರುತ್ತೀರಿ, ಬಿಡುಗಡೆಯೇ ಇಲ್ಲ. ಮಾರ್ಕೆಟ್ಟಿನ ಮರಾಠಿಯಲ್ಲಿ ಕಿಲೋ ಇತ್ತು, ಪಾವ್ ಇತ್ತು, ಬೈಗುಳ ಇತ್ತು. ಹೆಂಗಸಿನ ಮೈ ಇರಲಿಲ್ಲ. "ಸಮಜಲಂ ನಾಹೀ", ತಿಳಿಯಲಿಲ್ಲ, ಎಂಬ ಎರಡು ಪದ ನಿಮಗೆ ಬರುತ್ತಿದ್ದವಲ್ಲ? ಗಿರಾಕಿ ಚೌಕಾಸಿ ಮಾಡಿದಾಗ ದಿನಾ ಹೇಳುತ್ತಿದ್ದಿರಿ. ನನಗೋಸ್ಕರ ಒಂದೇ ಒಂದು ಸಲ...

ಠಾಣೆ ಊರಿನ ನೌಪಾಡಾದ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವಳು ಪೂಜಾ. ಹೌದು, ನನ್ನ ಜಾಗಕ್ಕೆ ನೀವು ಆರಿಸಿಟ್ಟವಳೇ. ಅಲ್ಲಿ ಡಾಕ್ಟರು ಹೆಂಗಸು. ಪೂಜಾ ಮಾತು ಶುರು ಮಾಡಿದ ಕೂಡಲೇ ಕೈ ತೋರಿಸಿ ನಿಲ್ಲಿಸಿದರು. "ಆಪ್ ನಹೀಂ. ಇನ್ಹೇಂ ಬೋಲನೇ ದೀಜಿಯೇ." ನೀವಲ್ಲ, ಇವರೇ ಹೇಳಲಿ ಎಂದು. ನಾನು ಇಷ್ಟು ವರ್ಷಗಳಲ್ಲಿ ಕಲಿತ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಎರಡು ತಿಂಗಳು ಬರುವುದಿಲ್ಲ, ಮೂರು ತಿಂಗಳು ಬರುವುದಿಲ್ಲ, ಸುಸ್ತು, ಬಾವು, ಎಲ್ಲ. ಅವರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್. ನಿಮ್ಮ ರಾಕ್ಷಸಿಗೆ ಅಂಟಿಕೊಂಡದ್ದು ಇಷ್ಟೇ ನೋಡಿ: ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಸಾಸಿವೆಗಿಂತ ತುಸು ದೊಡ್ಡದು. ಅಂಥ ಗುಳಿಗೆಯ ಪಟ್ಟಿಗಳನ್ನು ನಾನು ಕಂಪನಿಯಲ್ಲಿ ಗೋಣಿಗಟ್ಟಲೆ ತುಂಬಿದ್ದೆ.

ನಿಮ್ಮ ಮಗನನ್ನೂ ಪರೀಕ್ಷೆಗೆ ಕರೆದರು. "ನಂಗೇನಾಗ್ಯಾದ? ಗಂಡಸಿದ್ದೀನಿ," ಎಂದು ಎಗರಾಡಿದ. ಇಬ್ಬರೂ ಬಂದರೆ ಮಾತ್ರ ಮುಂದಿನ ಮಾತು ಎಂದರು ಡಾಕ್ಟರು. ನಿಜ ಹೇಳಲೇ? ದೋಷ ಅವನದೇ ಇರಲಿ ಎಂದು ಊರಿನ ದೇವರಿಗೆಲ್ಲ ಬೇಡಿಕೊಂಡೆ. ನಿಮ್ಮ ಫೋಟೋದ ಮುಂದೆ ನಿಂತು ಹೇಳುವ ಮಾತನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಇಲ್ಲ, ಅವನು ಗಟ್ಟಿ ಇದ್ದಾನೆ. ಗುಟ್ಕಾ ಬಿಡಬೇಕು, ಅಷ್ಟೇ. ನನಗೆ ಎರಡು ದಿನ ಬೇಜಾರಾಗಿತ್ತು.

ಮುಂದಿನದನ್ನು ಕೇಳಿದ್ದರೆ ನೀವು ಇನ್ನೊಂದು ಸಲ ಸಾಯುತ್ತಿದ್ದಿರಿ. ಬಸಿರಿಗೆ ಮೊದಲೇ ತಯಾರಿ ಇರುತ್ತದಂತೆ. ಬಸಿರಾದ ಮೇಲೆ ಓಡಿ ಬರುವವರೇ ಹೆಚ್ಚು, ನೀವು ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದರು. ಥೈರಾಯ್ಡ್ ಹದಕ್ಕೆ ಬರಬೇಕು, ಕೂಸಿನ ಬೆನ್ನುಹುರಿಗಾಗಿ ಫೋಲಿಕ್ ಗುಳಿಗೆ ಈಗಲೇ ಶುರುವಾಗಬೇಕು. ಬಸಿರಿನಲ್ಲಿ ಕೂಸನ್ನು ಕೆಡಿಸುವ ಒಂದು ಜ್ವರ ಬರದ ಹಾಗೆ ಸೂಜಿ ಹಾಕಿ, "ಇನ್ನು ಒಂದು ತಿಂಗಳು ಗರ್ಭ ನಿಲ್ಲಬಾರದು, ಜೋಪಾನ" ಎಂದರು. ನಿಲ್ಲಬಾರದು! ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಇನ್ನೊಮ್ಮೆ ಹೇಳಿದರು. ಅಷ್ಟು ವರ್ಷ ನಿಲ್ಲಲಿಲ್ಲ ಎಂದು ಬೈಸಿಕೊಂಡವಳಿಗೆ ಆ ಮಾತು ಬೆಲ್ಲ ತಿಂದ ಹಾಗಿತ್ತು.

ಕಳೆದ ವಾರ ಮತ್ತೆ ಹೋಗಿದ್ದೆ. ಈಗ ಮುಟ್ಟು ಸರಿಯಾಗಿ ಬರುತ್ತದೆ. ಅತ್ತೆವ್ವಾ, ನೀವು ಡಾಕ್ಟರಿಗೆ ಹೇಳಿದ ಸುಳ್ಳು ಕೊನೆಗೂ ಖರೆ ಆಯಿತು: ನಿಮ್ಮ ಸೊಸೆಯ ಪಾಳಿ ತಪ್ಪುವುದಿಲ್ಲ. ಡಾಕ್ಟರು ಕಾಗದ ನೋಡಿ ನಕ್ಕು, "ಅಬ್ ಸಬ್ ಠೀಕ್ ಹೈ. ಜಬ್ ಆಪ್ ಚಾಹೇಂ," ಅಂದರು. ನಿಮಗೆ ಬೇಕಾದಾಗ. ನನಗೆ! ನನಗೆ ಬೇಕಾದಾಗ ಎಂದು ಈ ಊರಿನಲ್ಲಿ ನನಗೆ ಯಾರಾದರೂ ಹೇಳಿದ್ದಿದೆಯೇ? ನಾನು ಕೂಡಲೇ ಹೇಳಿದೆ: ಈಗ ಬೇಡ. ಅವರು ನನ್ನ ವಯಸ್ಸು ನೋಡಿ, ಒಂದೆರಡು ವರ್ಷಕ್ಕೆ ತೊಂದರೆಯಿಲ್ಲ, ಬಹಳ ಎಳೆಯಬೇಡಿ ಎಂದು, ಬಸಿರು ತಡೆಯುವ ಗುಳಿಗೆಯನ್ನೂ ಬರೆದುಕೊಟ್ಟರು.

ನಿಮ್ಮ ಮಗನಿಗೆ ಮುಚ್ಚಿಡಲಿಲ್ಲ. ಉಣ್ಣಲು ಕುಳಿತಾಗ ಹೇಳಿದೆ. ರೊಟ್ಟಿ ಕೈಯಲ್ಲೇ ಉಳಿಯಿತು. "ಅವ್ವ ಮೊಮ್ಮಗನ ಮಾರಿ ನೋಡಬೇಕಂತ ಎಷ್ಟ್ ಹಂಬಲಿಸಿದಳು..." ಅಂದ.

"ಇನ್ನೇನ್ ಅವಸರ?" ಅಂದೆ. "ನೋಡೋರು ಹೋದ್ರಲ್ಲ."

ಉಂಡು ಎದ್ದ. ಪೂಜಾಳನ್ನು ಮಾಡಿಕೊಳ್ಳುವ ಮಾತು ಮತ್ತೆ ಆ ಬಾಯಲ್ಲಿ ಬಂದಿಲ್ಲ. ಅವಳೇ ಇವನಿಗೆ ಫೋನ್ ಮಾಡಿ ಏನೋ ಅಂದಿದ್ದಾಳೆ; ಏನೆಂದು ಇಬ್ಬರೂ ಹೇಳುವುದಿಲ್ಲ. ಕಂಪನಿಗೆ ನಾನೇ ಹೋಗಿ ಕೇಳಿದೆ. ಸೋಮವಾರದಿಂದ ಬಾ ಎಂದಿದ್ದಾರೆ. ಟೊಪ್ಪಿಗೆ ಹೊಸದು ಕೊಡುತ್ತಾರೆ.

ನಿನ್ನೆ ಚಿಗವ್ವ ಫೋನಿನಲ್ಲಿ ಅಳುತ್ತಿದ್ದರು. ನೀವು ಕನಸಿನಲ್ಲಿ ಬಂದಿದ್ದಿರಂತೆ. "ಅಕ್ಕ ನಿನ್ನ ಹೊಟ್ಟ್ಯಾಗ ಹುಟ್ಟಿ ಬರ್ತಾಳಂತವ್ವಾ. ಬಾಗಿಲ ಹೊರಗ ಕುಂತಾಳ, ಒಳಗ ಯಾರೂ ಕರೀವಲ್ರು ಅಂತ ಅಳ್ತಿದ್ದಳು." ನಮ್ಮಲ್ಲಿ ಹಾಗೆಯೇ ಅಲ್ಲವೇ, ಸತ್ತ ಹಿರಿಯರು ಸೊಸೆಯ ಹೊಟ್ಟೆಯಲ್ಲಿ ತಿರುಗಿ ಬರುತ್ತಾರೆ, ಕೂಸಿಗೆ ಅವರದೇ ಹೆಸರಿಡುತ್ತೇವೆ. ಬನ್ನಿ, ಬೇಡ ಎನ್ನುವುದಿಲ್ಲ. ಎತ್ತಿಕೊಳ್ಳುತ್ತೇನೆ, ನೆದರ ಆದರೂ ಆಗಲಿ. ಮರಾಠಿ ಶಾಲೆಗೇ ಹಾಕುತ್ತೇನೆ. ಆದರೆ ಈಗಲ್ಲ. ಈಗ ಅಲ್ಲೇ ಹೊರಗೆ ಕುಳಿತಿರಿ. ಅಳಬೇಡಿ, ಬಾಗಿಲು ಬಡಿಯಬೇಡಿ. ನಿಮ್ಮ ಪಾಳಿ ಬಂದಾಗ ನಾನೇ ಕರೆಯುತ್ತೇನೆ.