ನೆರಳುಮನೆಯ ಬಾಗಿಲಲ್ಲಿ ಕೂತ ರೊಜಿನಾ

ಸಾಗವಾಡಿ,
2231ನೆಯ ಇಸವಿ, ಫೆಬ್ರವರಿ 30

ನಮಗಿಂತ ಮುಂಚೆ ಬಾಳುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಎಲ್ಲ ತಿಂಗಳಿಗೂ ಸಮನಾಗಿ ದಿನ ಹಂಚಿ, ಮಿಕ್ಕ ಐದು ದಿನ ರಜೆ ಮಾಡಿಕೊಂಡು ನಮಗೆ ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಾನು ಲುವಿಜಾ ಸಿದ್ದಿ. ನಮ್ಮ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಕಥೆ ನಿಮಗೆ ಗೊತ್ತಿರಬೇಕು. ಇದನ್ನು ನೆರಳುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಕಾಲದ ನಡುಮಧ್ಯಾಹ್ನ ಹೊರಗೆ ನಿಲ್ಲುವಂತಿಲ್ಲ. ಅದಕ್ಕೇ ಊರಿಗೊಂದು ನೆರಳುಮನೆ: ಅರ್ಧ ನೆಲದೊಳಗೆ, ದಪ್ಪ ಮಣ್ಣಿನ ಗೋಡೆ, ಸುತ್ತ ನೆನೆಸಿದ ಲಾವಂಚದ ತಟ್ಟಿ. ಹನ್ನೊಂದರಿಂದ ನಾಲ್ಕರವರೆಗೆ ಊರೆಲ್ಲ ಇಲ್ಲೇ. ಒಂದು ಕಡೆ ಮಕ್ಕಳ ಮಗ್ಗಿ, ಒಂದು ಕಡೆ ಹೊಲಿಗೆ ಯಂತ್ರ, ನನ್ನ ಬೆನ್ನ ಹಿಂದೆ ಯಾರದೋ ಗೊರಕೆ.

ನನ್ನಜ್ಜಿ ರೊಜಿನಾಳ ಹರೆಯದಲ್ಲಿ ಸಿದ್ದಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. "ನಿಮ್ಮದು ಕಪ್ಪು ಚರ್ಮ, ನಿಮಗ್ಯಾವ ಬಿಸಿಲು?" ಎಂದು ಕಾವಲುಗಾರ ನಗುತ್ತಿದ್ದನಂತೆ. ಒಂದು ಬೇಸಿಗೆಯಲ್ಲಿ ಅವಳ ತಾಯಿ ಇದೇ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕುಸಿದು ಸತ್ತಳು. ಮರುದಿನದಿಂದ ರೊಜಿನಾ ಹನ್ನೊಂದು ಹೆಂಗಸರೊಡನೆ ಅಲ್ಲಿ ಕೂತಳು. ತಲೆಯ ಮೇಲೆ ಒದ್ದೆ ಬಟ್ಟೆ, ಬಾಯಲ್ಲಿ ಒಂದು ಮಾತಿಲ್ಲ.

ಅವಳ ತಮ್ಮ ಬಸ್ತ್ಯಾಂವನ ಬಳಿ ಕಾಡುಹಂದಿಯಿಂದ ಹೊಲ ಕಾಯುವ ಬಂದೂಕಿತ್ತು.

"ಅದನ್ನ ಒಳಗಿಡು ತಮ್ಮಾ. ನಾವು ಕುಂತಿದ್ದೆಲ್ಲಾ ಹಾಳಾಗ್ತದ."

"ನೀ ಕುಂದ್ರು ಅಕ್ಕಾ. ನೀ ತಿರುಗಿ ಬರೂತನಾ ಮನಿ ಉಳೀಬೇಕಲ್ಲ?"

ಹನ್ನೆರಡನೆಯ ದಿನ ಸಂಜೆ ಊರಿನ ಮೂವತ್ತು ಗಂಡಸರು ಸೀಮೆಎಣ್ಣೆ ಹಿಡಿದು ನಮ್ಮ ಕೇರಿಗೆ ಬಂದರು. ಬಸ್ತ್ಯಾಂವ ನಾಲ್ವರೊಡನೆ ಅಡ್ಡ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಿದ. "ಎರಡನೇದು ಮ್ಯಾಲ ಹೋಗಂಗಿಲ್ಲ," ಎಂದ. ಬಂದವರು ಹಿಂದಿರುಗಿದರು. ಒಂದು ಮನೆಯೂ ಸುಡಲಿಲ್ಲ.

ಮರುದಿನ ಊರಿನ ಅಧಿಕಾರಿ ರೊಜಿನಾಳ ಎದುರು ಕಾಗದ ಹಿಡಿದ. "ಬಂದೂಕಿನವರು ನಮ್ಮವರಲ್ಲ ಅಂತ ಸಹಿ ಹಾಕಮ್ಮಾ. ನಾಳೆನೇ ಬಾಗಿಲು ತೆಗೆಸ್ತೀನಿ."

ಅವಳು ಪಕ್ಕದ ಹೆಂಗಸರ ಒಡೆದ ತುಟಿಗಳನ್ನು ನೋಡಿದಳಂತೆ.

"ಅಂವ ನನ್ನ ತಮ್ಮ ರೀ. ನಿನ್ನೆ ಅಂವ ನಿಂತಿದ್ದಕ್ಕ ಇವತ್ತ ನಾ ಇಲ್ಲಿ ಕುಂತೀನಿ. ಸಹಿ ಹಾಕಂಗಿಲ್ಲ."

ಅಂದು ಮನೆಗೆ ಬಂದು ತಮ್ಮನಿಗೆ ಹೇಳಿದಳು: "ನಾ ನಿನ್ನ ಬಿಟ್ಟುಕೊಡಲಿಲ್ಲ. ಈಗ ನಂದೊಂದು ಮಾತು ಕೇಳು. ನಾಳೆ ಬರಿಗೈಲೆ ಬಾ."

ಅವನು ಬಂದ. ಯಾರೋ ಕೋಲಿನಿಂದ ಅವನ ಹಣೆಗೆ ಹೊಡೆದರು. ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತೇ ಇದ್ದ. ಬಂದೂಕು ಹಿಡಿದು ನಿಲ್ಲುವುದು ಅದಕ್ಕಿಂತ ಸಲೀಸಾಗಿತ್ತೆಂದು ಕೊನೆಯವರೆಗೂ ಹೇಳುತ್ತಿದ್ದ. ಅವನ ರಕ್ತ ಕಂಡು, ಒಳಗೆ ಬಟ್ಟೆ ಹೊಲಿಯುತ್ತಿದ್ದ ಶಾಂಭವಿ ಎಂಬಾಕೆ ಎದ್ದು ಹೊರಗೆ ಬಂದು ಅವನ ಪಕ್ಕ ಕೂತಳು. ಮರುದಿನ ಆರು ಜನ ಬಂದರು, ಆಮೇಲೆ ಅರವತ್ತು. ಇಪ್ಪತ್ತಾರನೆಯ ದಿನ ನೆರಳುಮನೆಯೇ ಬರಿದಾಗಿತ್ತು. ಯಾರಿಗಾಗಿ ಯಾರನ್ನು ತಡೆಯುವುದು? ಕಾವಲುಗಾರ ತಾನೇ ಬಾಗಿಲು ತೆರೆದ.

ಬಸ್ತ್ಯಾಂವ ಒಂದೇ ಸಲ ಒಳಗೆ ಬಂದು, "ಥಂಡಿ ಭಾಳ ಐತಿ" ಎಂದು ಗೊಣಗಿ ಮನೆಗೆ ಹೋದನಂತೆ. ರೊಜಿನಾ ತೊಂಬತ್ತು ವರ್ಷದ ತನಕ ಇಲ್ಲಿ ನಡುಮಧ್ಯೆ ಕಾಲು ಚಾಚಿ ನಿದ್ದೆ ಹೊಡೆದಳು.

ಬಾಗಿಲು ತೆರೆಸಿದ್ದು ಅಕ್ಕನೋ ತಮ್ಮನೋ ಎಂದು ನಮ್ಮ ಮಕ್ಕಳು ಇಂದಿಗೂ ಜಗಳವಾಡುತ್ತಾರೆ. ನಾನು ಬಿಡಿಸಲು ಹೋಗುವುದಿಲ್ಲ. ನಿಮ್ಮಲ್ಲಿ ಮಾತ್ರ ಒಂದು ಕೋರಿಕೆ. ನಿಮ್ಮ ಕಾಲದಲ್ಲೂ ಬಾಗಿಲ ಹೊರಗೆ ಕೂತವರಿದ್ದಾರೆಂದು ಓದಿದ್ದೇನೆ. ಅವರು ಹೇಗೆ ಕೂರಬೇಕಿತ್ತು, ಹೇಗೆ ನಿಲ್ಲಬೇಕಿತ್ತು ಎಂದು ತೀರ್ಪು ಕೊಡುವ ಮುಂಚೆ, ದಯವಿಟ್ಟು ಒಳಗಿನಿಂದ ಎದ್ದು ಬನ್ನಿ.

ನಿಮ್ಮವಳೇ,
ಲುವಿಜಾ