ನಗುವನ್ನು ಹಿಂದಕ್ಕೆ ಪಡೆಯುವುದಿಲ್ಲ

ತಳಪೇಟೆ,
ತಂಪು ತಿಂಗಳ ನೂರ ಹನ್ನೆರಡನೆಯ ತಾರೀಖು, 2391

ಹಿಂದಿನವರಾದ ನಿಮಗೆ ಸೊಣ್ಣಮ್ಮನ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮಗೆ ವರ್ಷಕ್ಕೆ ಎರಡೇ ತಿಂಗಳು, ಬಿಸಿಯದೊಂದು, ತಂಪಿನದೊಂದು. ನಿಮ್ಮ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ನಿಮಗೆ ತಿಳಿಯುವಂತೆ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಆದರೂ ನಡುನಡುವೆ ನಮ್ಮ ಊರಿನ ಮಾತು ನುಸುಳಿದರೆ ಕ್ಷಮಿಸಿ. ಕಾಗದವೊಂದು ಹಿಂದಿನ ಕಾಲಕ್ಕೆ ಹೋಗಲಾರದು ಎಂದು ಭೌತಶಾಸ್ತ್ರ ಹೇಳುತ್ತದೆ. ಇಂಜಿನಿಯರ್ ಆಗಿ ನಲವತ್ತು ವರ್ಷ ಅದು ಹೇಳಿದ್ದನ್ನೆಲ್ಲ ಕೇಳಿದ್ದೇನೆ. ಇವತ್ತೊಂದು ದಿನ ಅದು ನನ್ನ ಮಾತು ಕೇಳಲಿ.

ತಳಪೇಟೆ ಎಂದರೆ ಕೋಲಾರದ ಹಳೆಯ ಚಿನ್ನದ ಗಣಿಗಳೊಳಗೆ ಕಟ್ಟಿದ ಊರು. ಮೇಲೆ ನೆಲದಲ್ಲಿ ಬಿಸಿ ತಿಂಗಳಿಡೀ ಬದುಕುವಂತಿಲ್ಲವಾದ್ದರಿಂದ ನಮ್ಮ ಮುತ್ತಜ್ಜಂದಿರು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳಿಗೆ ಇಳಿದರು. ಇಳಿದ ಮೇಲೆ ಗೊತ್ತಾಯಿತು, ಆಳದ ಬಂಡೆಯೂ ಬಿಸಿಯೇ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತಲ್ಲ ಎಂದು ಗಂಡಸರು ತಲೆ ಮೇಲೆ ಕೈ ಹೊತ್ತು ಕೂತಾಗ ಹೆಂಗಸರು ದೋಸೆಹಿಟ್ಟಿನ ಪಾತ್ರೆಗಳನ್ನು ಗೋಡೆಗೆ ಆನಿಸಿಟ್ಟರಂತೆ. ಇವತ್ತಿಗೂ ನಮ್ಮಲ್ಲಿ ಹಿಟ್ಟು ಹುದುಗು ಬರಲು ರಾತ್ರಿಯೆಲ್ಲ ಕಾಯಬೇಕಿಲ್ಲ. ಮೇಲಕ್ಕೆ ಹೋಗಿಬರುವ ಕಬ್ಬಿಣದ ಗೂಡಿಗೆ ತೊಟ್ಟಿಲು ಎನ್ನುತ್ತೇವೆ. ಗಾಳಿ ಇಳಿದುಬರುವ ದೊಡ್ಡ ಕೊಳವೆಗಳಿಗೆ ಉಸಿರುಬಾವಿ ಎನ್ನುತ್ತೇವೆ. ಅಂಥವು ಊರಿಗೆ ಮೂರು. ಮೂಡಣದ ಉಸಿರುಬಾವಿಯ ಬುಡದಲ್ಲಿರುವುದು ರೇಷ್ಮೆ ಮಗ್ಗದವರ ಬೀದಿ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಅಲ್ಲಿ ಕಾಲು ನಿಂತದ್ದನ್ನು ನಾನು ಕಂಡಿಲ್ಲ. ನಾನು ಹುಟ್ಟಿದ್ದೂ ಅದೇ ಬೀದಿಯಲ್ಲಿ.

ಊರಿನ ಎಲ್ಲ ಲೆಕ್ಕಗಳನ್ನು ಹಾಕುವುದು ಲೆಕ್ಕಿಗ ಎಂಬ ಯಂತ್ರ. ಗುಣಾಕಾರ ಭಾಗಾಕಾರಗಳಲ್ಲಿ ಅದು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಆದರೆ ಒಂದೊಂದು ಲೆಕ್ಕವೂ ಎಷ್ಟು ಉದ್ದವೆಂದರೆ, ಪೂರ್ತಿ ಪರಿಶೀಲಿಸುವಷ್ಟರಲ್ಲಿ ಪರಿಶೀಲಿಸುವವರ ಆಯುಸ್ಸೇ ಮುಗಿಯುತ್ತದೆ. ಅದಕ್ಕೆ ಹಿರಿಯರು ನಗೆಕಟ್ಟೆ ಎಂಬ ಪದ್ಧತಿ ಮಾಡಿದರು. ಯಾವ ಲೆಕ್ಕವನ್ನಾದರೂ ಕೆಲಸಕ್ಕೆ ಇಳಿಸುವ ಮುನ್ನ ಅದರ ಸಾರವನ್ನು ಸರಳ ಕನ್ನಡದಲ್ಲಿ ಕಟ್ಟೆಯ ಮೇಲೆ ಕೂತ ಏಳು ಇಂಜಿನಿಯರುಗಳ ಮುಂದೆ ಗಟ್ಟಿಯಾಗಿ ಓದಬೇಕು. ಒಬ್ಬರು ನಕ್ಕರೂ ಕೆಲಸ ನಿಲ್ಲಬೇಕು, ನಗು ತರಿಸಿದ ಮಾತು ಲೆಕ್ಕದಿಂದ ಹೋಗುವವರೆಗೆ. ಹಿಂದೊಮ್ಮೆ ನೀರಿನ ತೊಟ್ಟಿಯ ಲೆಕ್ಕ ಬಂದಿತ್ತು. ಅಂಕಿಗಳೆಲ್ಲ ಸರಿ, ತೊಟ್ಟಿಯ ಮುಚ್ಚಳ ಮಾತ್ರ ಊರಿಗಿಂತ ದೊಡ್ಡದು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಹಾಗೆನ್ನದೆ ನಗುವುದೇ ನಮ್ಮ ಉದ್ಯೋಗ.

ಇದರಲ್ಲಿ ನಿಮ್ಮ ಪಾಲೇನು ಎಂದು ಕೇಳುತ್ತೀರಿ. ಕಟ್ಟೆಗೆ ಕೂರುವವರು ಮೊದಲು ಕಲಿಯುವುದೇ ನಿಮ್ಮ ಜೋಕುಗಳನ್ನು. ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿನಲ್ಲಿ ಹೇಳಿಕೊಂಡದ್ದು, ಬೋರ್ಡಿನ ಮೂಲೆಯಲ್ಲಿ ಗೀಚಿ ಮೇಷ್ಟ್ರು ಬರುವ ಮೊದಲು ಒರೆಸಿದ್ದು, ಎಲ್ಲವೂ ನಮಗೆ ಪಠ್ಯ. ನನಗೆ ಬಲು ಇಷ್ಟವಾದದ್ದು ಒಬ್ಬಟ್ಟಿನದು. ಒಬ್ಬ ಗಣಿತದವನು, ಒಬ್ಬ ಭೌತಶಾಸ್ತ್ರದವನು, ಒಬ್ಬ ಇಂಜಿನಿಯರ್, ಮೂವರ ನಡುವೆ ಒಂದೇ ಒಬ್ಬಟ್ಟು. ಗಣಿತದವನು ಅದನ್ನು ಮೂರು ಸಮಪಾಲು ಮಾಡಲು ಸಾಧ್ಯವೆಂದು ಸಾಧಿಸಿ, ತೃಪ್ತನಾಗಿ, ಹಸಿದ ಹೊಟ್ಟೆಯಲ್ಲೇ ಎದ್ದು ಹೋದ. ಭೌತಶಾಸ್ತ್ರದವನು, ಒಬ್ಬಟ್ಟಿನ ದಪ್ಪವನ್ನು ನಿರ್ಲಕ್ಷಿಸಿದರೆ ಇದು ಇಡೀ ಜಿಲ್ಲೆಗೆ ಸಾಕು ಎಂದ. ಇಂಜಿನಿಯರ್ ಅದನ್ನು ತಿಂದು ಮುಗಿಸಿ ವರದಿ ಬರೆದ: ಪರೀಕ್ಷೆ ಯಶಸ್ವಿ, ಮಾದರಿ ನಾಶವಾಗಿದೆ. ಈ ಮೂವರಲ್ಲಿ ಯಾರನ್ನು ಕಂಡರೆ ಹೆದರಬೇಕು ಎಂದು ನಮ್ಮ ಶಾಲೆಗಳಲ್ಲಿ ಕೇಳುತ್ತಾರೆ. ತಿಂದವನು ಎನ್ನುವ ಮಕ್ಕಳು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಬೇಕು. ಹೆದರಬೇಕಾದದ್ದು ದಪ್ಪವನ್ನು ನಿರ್ಲಕ್ಷಿಸಿದವನಿಗೆ.

ಹೋದ ವಾರ ಕಟ್ಟೆಯ ಮುಂದೆ ಗಾಳಿಯ ಹೊಸ ಲೆಕ್ಕ ಓದಿದರು. ಜನರೆಲ್ಲರೂ ವಿಶ್ರಾಂತ ಸ್ಥಿತಿಯಲ್ಲಿದ್ದಾರೆಂದು ಭಾವಿಸಿದರೆ ಮೂಡಣದ ಉಸಿರುಬಾವಿಯ ಅಗತ್ಯವಿಲ್ಲ, ಅದನ್ನು ಮುಚ್ಚಿದರೆ ಗಾಳಿಯನ್ನು ತಂಪು ಮಾಡುವ ಯಂತ್ರಗಳ ವಿದ್ಯುತ್ತಿನಲ್ಲಿ ಐದನೆಯ ಒಂದು ಪಾಲು ಉಳಿಯುತ್ತದೆ ಎಂದು ಅದರಲ್ಲಿತ್ತು. ನಾನು ನಕ್ಕೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗ್ಗ ತುಳಿಯುವವರಿಗೆ ಸುಮ್ಮನೆ ಕೂತವರ ನಾಲ್ಕು ಪಟ್ಟು ಗಾಳಿ ಬೇಕು. ಬಾವಿ ಮುಚ್ಚಿದರೆ ಆ ಬೀದಿಗೆ ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಏಳಲಾರದ ನಿದ್ದೆ. ಅಲ್ಲಿಗೆ ಲೆಕ್ಕಿಗ ಭಾವಿಸಿದ್ದು ನಿಜವಾಗುತ್ತದೆ, ಎಲ್ಲರೂ ವಿಶ್ರಾಂತ ಸ್ಥಿತಿ. ಉಳಿದ ಆರು ಜನ ನಗಲಿಲ್ಲ. ಅವರು ಮೊದಲು ಆಡಳಿತ ಮಂಡಲಿಯ ಅಧ್ಯಕ್ಷರ ಮುಖ ನೋಡಿದರು. ಆ ಮುಖ ನೋಡಿದ ಮೇಲೆ ಯಾರಿಗೆ ತಾನೇ ನಗು ಬಂದೀತು.

ಅಧ್ಯಕ್ಷ ಪಿಳ್ಳಪ್ಪನವರು ಕೆಟ್ಟವರೇನಲ್ಲ. ಮರುದಿನ ಮನೆಗೇ ಬಂದರು, ಕಾಫಿ ಕುಡಿದರು, ಲೋಟ ತಾವೇ ತೊಳೆದಿಟ್ಟರು.

"ಅಮ್ಮಾ, ಅದು ನಗು ಅಲ್ಲ, ಕೆಮ್ಮು ಅಂತ ಒಂದ್ಮಾತು ಬರ್ಕೊಟ್ಬಿಡಿ," ಎಂದರು. "ನಿಮ್ ಜಾಗಾನೂ ಉಳೀತದೆ, ನಮ್ ಕೆಲಸಾನೂ ಆಗ್ತದೆ."

"ಕೆಮ್ಮು ಮುಂದೆ ಬರ್ತದೆ ಪಿಳ್ಳಪ್ಪನೋರೆ, ಬಾವಿ ಮುಚ್ಚಿದ್ಮೇಲೆ," ಎಂದೆ. "ನಿನ್ನೆ ಬಂದಿದ್ದು ನಗೂನೇ."

ಹಾಗಾದರೆ ತಪ್ಪು ಯಾವ ಅಂಕಿಯಲ್ಲಿದೆ ತೋರಿಸಿ ಎಂದರು. ಅಂಕಿಯಲ್ಲಿ ತಪ್ಪಿಲ್ಲ, ಅಂಕಿ ಶುರುವಾಗುವ ಮೊದಲಿನ ವಾಕ್ಯದಲ್ಲಿದೆ ಎಂದೆ. ಅದಕ್ಕೆ ಆಧಾರ ಬೇಕಂತೆ. ಮಗ್ಗದ ಸದ್ದು ನಮ್ಮಿಬ್ಬರ ಕಿವಿಗೂ ಬೀಳುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವಷ್ಟು ತಾಳ್ಮೆ ನನಗಿಲ್ಲ, ರುಜುವಿಗೆಂದು ಅವರು ತಂದಿದ್ದ ಕಾಗದವನ್ನು ಹರಿದುಹಾಕಿ ಅವರನ್ನು ಕಳಿಸಿಕೊಟ್ಟೆ.

ಆಮೇಲೆ ಮಂಡಲಿ ಕಂಡುಕೊಂಡ ಉಪಾಯವನ್ನು ನಿಮ್ಮ ಯಾವ ಹಾಸ್ಟೆಲಿನವರೂ ಕಂಡುಕೊಳ್ಳಲಾರರು. ನಗು ತರಿಸಿದ ಮಾತನ್ನು ಲೆಕ್ಕದಿಂದ ತೆಗೆಯುವ ಬದಲು ಅದನ್ನು ನಿಜ ಮಾಡಿಬಿಡುವುದು! ನಾಳೆ ಬೆಳಗಿನ ಗಂಟೆಗೆ ಮೂಡಣದ ಬಾವಿಯ ಬಾಗಿಲು ಹಾಕಿ ಪರೀಕ್ಷೆ. ಸಂಜೆಯವರೆಗೆ ಊರಿನವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ವಿಶ್ರಾಂತ ಸ್ಥಿತಿಯಲ್ಲಿರತಕ್ಕದ್ದು ಎಂದು ಆಜ್ಞೆ. ಗಾಳಿಯ ಮಾಪಕಗಳು ಅಲ್ಲಿಯವರೆಗೆ ಕೆಂಪಿಗೆ ಬಾರದಿದ್ದರೆ ಬಾವಿಗೆ ಕಾಂಕ್ರೀಟು ತುಂಬುತ್ತಾರೆ. ಮತ್ತೆಂದೂ ತೆಗೆಯಲಾಗದು. ನಗೆಕಟ್ಟೆಯನ್ನೂ ಒಡೆಯುತ್ತಾರೆ, ವಿಜ್ಞಾನ ನಗುವ ವಿಷಯವಲ್ಲವಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನನಗೆ ಗೊತ್ತಿತ್ತು. ಹಾಸಿಗೆಯ ಅಳತೆಗೆ ಕಾಲು ಕತ್ತರಿಸು ಎನ್ನುವುದನ್ನು ಈಗ ಕೇಳುತ್ತಿದ್ದೇನೆ. ನನಗೆ ಸಿಟ್ಟು ಬಂದಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯುವ ಮನಸ್ಸಿಲ್ಲ.

ಆಜ್ಞೆ ಹೊರಟ ದಿನವೇ ನಾನು ಮಗ್ಗದ ಬೀದಿಗೆ ಹೋದೆ. ಅಲ್ಲಿನವರ ಮುಖಂಡೆ ಕದಿರಮ್ಮ, ನನ್ನ ಬಾಲ್ಯದ ಗೆಳತಿಯ ತಂಗಿ, ಮಗ್ಗ ನಿಲ್ಲಿಸದೆಯೇ ನನ್ನ ಮಾತೆಲ್ಲ ಕೇಳಿದಳು.

"ಒಂದಿನ ಕೂತ್ಕೊಂಡು ತೋರಿಸ್ಬಿಟ್ರೆ ದಿನಾ ಕೂತಿರಿ ಅಂತಾರೆ ಕಣಕ್ಕ," ಎಂದಳು. "ಕೂತಿರೋಕೆ ನಾವೇನು ಗೋಡೆ ಮೇಲಿನ ಪಟಾನಾ?"

ಅವಳ ಮಾತಿಗೆ ಬೀದಿಯೆಲ್ಲ ನಕ್ಕಿತು. ಇಷ್ಟು ದಿನ ಒಬ್ಬಳೇ ನಕ್ಕು ನಕ್ಕು ನನಗೆ ಬೇಸರವಾಗಿತ್ತು, ಆ ನಗು ಕೇಳಿ ಕಣ್ಣು ತುಂಬಿ ಬಂತು.

ಆದ್ದರಿಂದ ನಾಳೆ ಮೂಡಣದ ಬೀದಿ ಕೂರುವುದಿಲ್ಲ. ಎಲ್ಲ ಮಗ್ಗಗಳೂ ನಡೆಯುತ್ತವೆ. ಮಗ್ಗವಿಲ್ಲದವರು ಕೋಲಾಟ ಆಡುತ್ತಾರೆ, ಮಕ್ಕಳು ಹಗ್ಗ ಜಿಗಿಯುತ್ತಾರೆ. ಅರವತ್ತೆರಡರ ನಾನು ಕುಂಟೆಬಿಲ್ಲೆ ಆಡಲಿದ್ದೇನೆ. ಮಾಪಕ ಕೆಂಪಿಗೆ ಬರುವುದನ್ನು ಊರೆಲ್ಲ ಕಣ್ಣಾರೆ ನೋಡಲಿ. ಹುಚ್ಚು ಸಾಹಸವಲ್ಲ ಇದು, ನಾನು ಇಂಜಿನಿಯರ್. ಕೆಂಪು ಕಂಡ ಕೂಡಲೇ ಬಾಗಿಲು ತೆರೆಯಲು ಬಾವಿಯ ಚಕ್ರದ ಹತ್ತಿರ ನಮ್ಮವರೇ ಮೂವರು ನಿಂತಿರುತ್ತಾರೆ. ತಿರುಗಿಸಲು ಒಬ್ಬರು ಸಾಕು. ಇನ್ನೊಬ್ಬರು ಅವರಿಗೆ ನಿದ್ದೆ ಬಂದರೆ, ಮೂರನೆಯವರು ನನ್ನ ಅಂದಾಜೇ ತಪ್ಪಿದ್ದರೆ. ಇಬ್ಬರು ನೆಂಟರಿಗೆ ಆರು ಜನರ ಅನ್ನ ಮಾಡುವ ಬುದ್ಧಿಯನ್ನೂ ನಿಮ್ಮ ಜೋಕುಗಳಿಂದಲೇ ಕಲಿತದ್ದು.

ಆಜ್ಞೆ ಮುರಿದವರನ್ನು ಬಿಸಿ ತಿಂಗಳು ಮುಗಿಯುವವರೆಗೆ ತೊಟ್ಟಿಲಿನಲ್ಲಿ ಮೇಲಕ್ಕೆ ಕಳಿಸುವುದು ಇಲ್ಲಿನ ಶಿಕ್ಷೆ. ಹೋದವರಲ್ಲಿ ಹಿಂತಿರುಗಿದವರು ಕಡಿಮೆ. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ನನ್ನ ನಗುವನ್ನು ಹಿಂದಕ್ಕೆ ಪಡೆಯುವುದಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಲೆಕ್ಕಗಳನ್ನು ನೀವೇ ಗೇಲಿ ಮಾಡುವುದನ್ನು ಬಿಡಬೇಡಿ. ಓದುವ ವಯಸ್ಸಿನಲ್ಲಿ ಇದೇನು ಹಲ್ಲು ಕಿಸಿಯುವುದು ಎಂದು ಗದರಿಸುವವರಿದ್ದಾರೆ, ಅವರ ಮುಂದೆಯೇ ಇನ್ನೊಂದು ಜೋಕು ಹೇಳಿ. ದೊಡ್ಡವರು ಗಂಭೀರವಾಗಿ ಲೆಕ್ಕ ಓದುವಾಗ ಯಾರನ್ನು ನಿರ್ಲಕ್ಷಿಸಿದ್ದಾರೆ ಎಂದು ಕಿವಿಗೊಟ್ಟು ಕೇಳಿ. ನಗು ಬಂದರೆ ಯಾರ ಮುಖವನ್ನೂ ನೋಡದೆ ನಕ್ಕುಬಿಡಿ. ಮತ್ತು ನಿಮ್ಮನ್ನು ವಿಶ್ರಾಂತ ಸ್ಥಿತಿಯಲ್ಲಿದ್ದೀರೆಂದು ಯಾರಾದರೂ ಭಾವಿಸಿದರೆ, ದಯವಿಟ್ಟು ಎದ್ದು ನಿಲ್ಲಿ.

ಇಂತಿ,
ನಕ್ಕವಳು,
ಸೊಣ್ಣಮ್ಮ
ಇಂಜಿನಿಯರ್, ನಾಳೆ ಸಂಜೆಯವರೆಗಂತೂ