ಮೌನಕ್ಕೆ ‘ಇಲ್ಲ’ ಎಂದು ಗುರುತು ಹಾಕುವ ಕಚೇರಿಗೆ

ಪ್ರೊಬೇಷನ್ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿಯಿಂದ ಒಂದೇ ವಾರದಲ್ಲಿ ನನಗೆ ಎರಡು ಪತ್ರಗಳು ಬಂದಿವೆ. ಎರಡರಲ್ಲೂ ನಿಮ್ಮದೇ ಸಹಿ. ಮೊದಲನೆಯದು, ಸಹಾಯಕ ಅಧಿಕಾರಿಯ ಹುದ್ದೆಗೆ ನಾನು ಹಾಕಿದ್ದ ಅರ್ಜಿಗೆ ಉತ್ತರ: ನಿಮ್ಮಲ್ಲಿ ನಾನು ಮಾಡಿದ ನಾಲ್ಕು ತಿಂಗಳ ಇಂಟರ್ನ್‌ಶಿಪ್ ‘ಕೇವಲ ಕಲಿಕೆಯ ಭಾಗವಾಗಿರುವುದರಿಂದ’ ಅದನ್ನು ಅನುಭವವೆಂದು ಪರಿಗಣಿಸಲು ಬರುವುದಿಲ್ಲ. ಎರಡನೆಯದು, ನಾನೇ ಬರೆದ ಒಂದು ವರದಿಯಲ್ಲಿ ತಪ್ಪಾಗಿದೆ, ದಯವಿಟ್ಟು ತಿದ್ದಿ ಎಂದು ಬೇಡಿಕೊಂಡಿದ್ದಕ್ಕೆ ಉತ್ತರ: ‘ತಾವು ಈ ಕಚೇರಿಯ ಸಿಬ್ಬಂದಿಯಲ್ಲದ ಕಾರಣ’ ತಿದ್ದುಪಡಿ ಕೋರುವ ಅಧಿಕಾರ ತಮಗಿಲ್ಲ. ಆಯಿತು ಮಾನ್ಯರೇ, ಒಪ್ಪಿದೆ. ನಾನು ನಿಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ. ಹಾಗಾದರೆ ನಾನು ಹಾಕಿದ ಒಂದು ಗುರುತನ್ನು ನಂಬಿಕೊಂಡು ಒಬ್ಬ ಮನುಷ್ಯನನ್ನು ಇನ್ನೂ ಜೈಲಿನಲ್ಲಿ ಏಕೆ ಇಟ್ಟುಕೊಂಡಿದ್ದೀರಿ?

ಇದನ್ನು ಮುಚ್ಚಿದ ಲಕೋಟೆಯಲ್ಲಿ ಎರಡು ಸಲ ಕೇಳಿದ್ದಾಯಿತು. ಅದಕ್ಕೇ ಈಗ ನಾಲ್ಕು ಜನ ಓದುವ ಕಡೆ ಕೇಳುತ್ತಿದ್ದೇನೆ.

ನಾನು ಓದಿದ್ದು ಸಮಾಜಶಾಸ್ತ್ರ ಮತ್ತು ಅಪರಾಧ ನ್ಯಾಯ. ಕಾಲೇಜಿಗೆ ಸೇರಿದ ದಿನ, ಬಟ್ಟೆ ಒಗೆದು ಕೊಡುವ ಅಂಗಡಿಯಲ್ಲಿ ಇಸ್ತ್ರಿ ಮಾಡುವ ನಮ್ಮಮ್ಮ, “ಅದನ್ನ ಓದಿದ್ರೆ ಏನಾಗ್ತಾರೆ? ಪೊಲೀಸಾ, ಕಳ್ಳನಾ?” ಎಂದು ಕೇಳಿದ್ದಳು. “ಇಬ್ಬರ ಮಧ್ಯೆ ನಿಂತು ಮಾತಾಡೋರು ಬೇಕಲ್ಲಮ್ಮ” ಎಂದು ನಾನು ದೊಡ್ಡ ಜಂಬದಿಂದ ಹೇಳಿದ್ದೆ. ಆಗ ಹತ್ತೊಂಬತ್ತು ವರ್ಷ, ಜಂಬಕ್ಕೇನು ಬರ. ಕೊನೆಯ ವರ್ಷ ಇಂಟರ್ನ್‌ಶಿಪ್ ಮಾಡದೆ ಪದವಿ ಇಲ್ಲ ಎಂದಾಗ ನಾವೆಲ್ಲ ಬಾಗಿಲು ಬಾಗಿಲು ತಟ್ಟಿದೆವು. ನನ್ನ ಗೆಳತಿಯೊಬ್ಬಳಿಗೆ ವಕೀಲರ ಕಚೇರಿಯಲ್ಲಿ ಜಾಗ ಸಿಕ್ಕಿತು; ನಾಲ್ಕು ತಿಂಗಳು ಕಡತಗಳ ಧೂಳು ಒರೆಸಿ ಕೆಮ್ಮು ಹತ್ತಿಸಿಕೊಂಡು ಬಂದಳು. ಇನ್ನೊಬ್ಬ ಅಂಗಡಿ ಮಳಿಗೆಯೊಂದರಲ್ಲಿ ಕ್ಯಾಮೆರಾ ಪರದೆಗಳ ಮುಂದೆ ಕೂತು ಆಕಳಿಸಿದ. ನನಗೆ ನಿಮ್ಮ ಕಚೇರಿ ಸಿಕ್ಕಿತ್ತು. ಜೈಲಿನಲ್ಲಿ ಇರುವವರ ಮನೆಗೆ ಹೋಗಿ, ಮಾತನಾಡಿ, ಬಿಡುಗಡೆ ಮಂಡಳಿಗೆ ವರದಿ ಬರೆಯುವ ಕೆಲಸ. ತರಗತಿಯವರೆಲ್ಲ ನನ್ನ ಅದೃಷ್ಟಕ್ಕೆ ಹೊಟ್ಟೆ ಉರಿದುಕೊಂಡರು.

ಮೂರನೇ ಮಹಡಿಯಲ್ಲಿರುವ ನಿಮ್ಮ ಕಚೇರಿಯಲ್ಲಿ ನಿಮ್ಮ ಕೈಕೆಳಗಿನ ಅಧಿಕಾರಿಗಳಿಗೆಂದು ನಾಲ್ಕು ಕೋಣೆಗಳಿವೆ. ಮೂರಕ್ಕೆ ಬೀಗ. ಆರು ವರ್ಷದಿಂದ ಆ ಹುದ್ದೆಗಳು ಖಾಲಿ ಎಂದು ಮೊದಲ ದಿನವೇ ತಿಳಿಯಿತು. ಉಳಿದ ಒಬ್ಬ ಅಧಿಕಾರಿ ವಾರವಿಡೀ ನ್ಯಾಯಾಲಯದಲ್ಲಿರುತ್ತಾರೆ, ಶುಕ್ರವಾರ ಬಂದು ರಾಶಿ ಕಾಗದಕ್ಕೆ ಸಹಿ ಮಾಡಿ ಹೋಗುತ್ತಾರೆ. ಪಾಪ, ಅವರಿಗೂ ಇರುವುದು ಎರಡೇ ಕೈ. ಹಾಗಾದರೆ ಮನೆಗಳಿಗೆ ಹೋಗುವವರು ಯಾರು? ನಾವೇ. ನಾಲ್ಕು ತಿಂಗಳಿಗೊಂದು ಹೊಸ ತಂಡ. ನಮಗೆ ತರಬೇತಿ ಕೊಟ್ಟವರು ನಿಮ್ಮ ಹಿರಿಯ ಗುಮಾಸ್ತರು. ಬಲಗೈಯಿಂದ ಮೊಹರು ಬಿಡದ ಅವರನ್ನು ನಾವು ಬೆನ್ನ ಹಿಂದೆ ಸೀಲಣ್ಣ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ತಮ್ಮ ಬಿಸ್ಕತ್ತಿನಲ್ಲಿ ಅರ್ಧ ನಮಗೆ ಕೊಡುತ್ತಿದ್ದರು. ತರಬೇತಿ ಅರ್ಧ ಗಂಟೆಯಲ್ಲಿ ಮುಗಿಯಿತು. “ಫಾರಂ ತಗೋ, ಕೊರಳಿಗೆ ಕಾರ್ಡ್ ಹಾಕ್ಕೋ, ಹದಿನೈದು ದಿನಕ್ಕೊಂದು ಸಲ ಸುತ್ತು, ಆ ದಿನ ಆರು ಮನೆ. ಜಾಸ್ತಿ ಹೊತ್ತು ಕೂರಬೇಡ, ಅವರ ಕಥೆ ಮುಗಿಯೋದೇ ಇಲ್ಲ” ಎಂದರು.

ನನ್ನ ಎಂಟನೇ ಮನೆ ಒಬ್ಬ ಬಡಗಿಯ ಅಕ್ಕನದು. ಬಡಗಿ ಐದು ವರ್ಷದ ಶಿಕ್ಷೆಯಲ್ಲಿ ಮೂರು ಮುಗಿಸಿದ್ದ. ಜಗಳದಲ್ಲಿ ಮರದ ತುಂಡಿನಿಂದ ಹೊಡೆದು ಒಬ್ಬನ ಕಣ್ಣು ಕಳೆದವನು. ಅವನನ್ನು ದೇವರೆಂದು ನಾನು ಹೇಳುತ್ತಿಲ್ಲ. ಆದರೆ ಒಳಗೆ ಅವನ ನಡತೆ ಚೆನ್ನಾಗಿತ್ತು. ಜೈಲಿನ ಮರಗೆಲಸದ ಕೊಠಡಿಯವರು ಒಳ್ಳೆಯ ಮಾತು ಬರೆದಿದ್ದರು. ನಿಗಾ ಇಟ್ಟು ಮನೆಗೆ ಕಳಿಸಬಹುದು ಎನ್ನುವ ಹಂತಕ್ಕೆ ಕಡತ ಬಂದಿತ್ತು. ಉಳಿದಿದ್ದು ಒಂದೇ ಪ್ರಶ್ನೆ, ಮನೆಯವರು ಸೇರಿಸಿಕೊಳ್ಳುತ್ತಾರೆಯೇ ಎಂಬುದು.

ಅಕ್ಕ ದರ್ಜಿ. ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಸುತ್ತ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು. ನನ್ನ ಕೊರಳಲ್ಲಿ ಇಲಾಖೆಯ ಹೆಸರಿದ್ದ ಕಾರ್ಡು ನೋಡಿ ಕೆಳಗಿನ ಮನೆಯ ಯಜಮಾನಿ ಬೀಗದ ಕೈ ಗೊಂಚಲು ಹಿಡಿದು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ನನಗೆ ಅದು ಕಾಣಿಸಿತು. ಆದರೂ ಏನೂ ಅನ್ನಿಸಲಿಲ್ಲ, ಮಾನ್ಯರೇ. ಏಕೆಂದರೆ ಪ್ರಶ್ನೆಯನ್ನು ಒಂದು ಪದವೂ ಬದಲಿಸದೆ ಓದಬೇಕು, ಉತ್ತರವನ್ನು ಬಾಯಿಗೆ ತುರುಕಬಾರದು, ಹತ್ತು ಎಣಿಸುವಷ್ಟು ಕಾಯಬೇಕು, ಮತ್ತೊಮ್ಮೆ ಮಾತ್ರ ಕೇಳಬೇಕು ಎಂದು ತರಗತಿಯಲ್ಲಿ ಕಲಿತಿದ್ದೆ. ಆ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ. ಸ್ಪಷ್ಟವಾಗಿ, ಗಟ್ಟಿಯಾಗಿ ಓದಿದೆ: “ಕಾರಾಗೃಹದಲ್ಲಿರುವ ತಮ್ಮ ಸಹೋದರನು ಬಿಡುಗಡೆಯಾದಲ್ಲಿ ಅವನನ್ನು ಮನೆಗೆ ಸೇರಿಸಿಕೊಳ್ಳಲು ಕುಟುಂಬವು ಸಿದ್ಧವಿದೆಯೇ?”

ಯಂತ್ರ ನಿಂತಿತು. ಅಕ್ಕ ಬಟ್ಟೆಯ ಮೇಲೆ ಕೈ ಇಟ್ಟುಕೊಂಡು ಸೂಜಿಯನ್ನೇ ನೋಡುತ್ತ ಕೂತಳು. ನಾನು ಮನಸ್ಸಿನಲ್ಲಿ ಹತ್ತು ಎಣಿಸಿದೆ. ಮತ್ತೊಮ್ಮೆ ಓದಿದೆ, ಅಷ್ಟೇ ಗಟ್ಟಿಯಾಗಿ. ಬಾಗಿಲಲ್ಲಿದ್ದವಳು, “ಜೈಲಾ? ದೂರದಲ್ಲಿ ಮರದ ಡಿಪೋ ಕೆಲಸದಲ್ಲಿದ್ದಾನೆ ಅಂದಿದ್ದೆಯಲ್ಲ?” ಎಂದಳು. ಅಕ್ಕ ತಲೆ ಎತ್ತಲಿಲ್ಲ. ನಾನು ಧನ್ಯವಾದ ಹೇಳಿ ಇಳಿದು ಬಂದೆ. ಇನ್ನೂ ನಾಲ್ಕು ಮನೆಗಳಿದ್ದವು.

ಸಂಜೆ ಕಚೇರಿಯಲ್ಲಿ ಫಾರಂ ಹಿಡಿದು ಪೇಚಾಡಿದೆ. ತರಗತಿಯ ಪ್ರಶ್ನಾವಳಿಯಲ್ಲಿ ‘ಉತ್ತರವಿಲ್ಲ’ ಎಂಬ ಇನ್ನೊಂದು ಚೌಕ ಇರುತ್ತದೆ. ನಿಮ್ಮದರಲ್ಲಿ ಇರುವುದು ‘ಹೌದು’, ‘ಇಲ್ಲ’ ಎರಡೇ. “ಸರ್, ಅವರು ಏನೂ ಹೇಳಲೇ ಇಲ್ಲ, ಎಲ್ಲಿ ಬರೀಲಿ?” ಎಂದು ಕೇಳಿದೆ. ಸೀಲಣ್ಣ ತಲೆ ಎತ್ತದೆ, “ಬಾಯಿ ಬಿಡಲಿಲ್ಲ ಅಂದ್ರೆ ‘ಇಲ್ಲ’ ಅಂತ ಹಾಕಮ್ಮ. ಇಷ್ಟ ಇದ್ದಿದ್ರೆ ಹೇಳ್ತಿರಲಿಲ್ವಾ? ಹಿಂದಿನ ತಂಡದವರೂ ಹಾಗೇ ಹಾಕಿದಾರೆ” ಎಂದರು. ಹಿಂದಿನ ತಂಡದವರಿಗೆ ಅದಕ್ಕೂ ಹಿಂದಿನವರು ಹೇಳಿರಬೇಕು. ನಾನು ಹಾಕಿದೆ. ಶುಕ್ರವಾರ ಸಹಿ ಬಿತ್ತು. ಮಂಡಳಿ ಅರ್ಜಿ ತಳ್ಳಿಹಾಕಿತು. ಕಾರಣ ಎಂಬಲ್ಲಿ ಎರಡು ಪದ: ‘ಕುಟುಂಬದ ಅಸಮ್ಮತಿ’.

ಅದಾದ ಮೂರನೇ ವಾರ ಅಕ್ಕ ನಿಮ್ಮ ಕಚೇರಿಗೆ ಬಂದಳು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಸೀಲಣ್ಣನ ಮೇಜಿನ ಮುಂದೆ ನಿಂತು, “ತಮ್ಮನ್ನ ಯಾವತ್ತು ಬಿಡ್ತಾರೆ ಸರ್? ಎರಡು ಶರ್ಟು ಹೊಲಿದಿದೀನಿ, ಅಳತೆ ಅಂದಾಜು. ಮೊದಲೇ ಒಳಗೆ ಕೊಡಬಹುದಾ, ಬರೋವಾಗ ಹಾಕ್ಕೊಂಡು ಬರ್ತಾನೆ” ಎಂದಳು. ಸೀಲಣ್ಣ ಕಡತ ತೆಗೆದರು. “ಮನೆಯವರಿಗೆ ಒಪ್ಪಿಗೆ ಇಲ್ಲ ಅಂತ ಇದೆಯಲ್ಲಮ್ಮ ಇಲ್ಲಿ.”

“ಯಾರು ಹಾಗಂದಿದ್ದು?”

ನಾನು ನಾಲ್ಕು ಹೆಜ್ಜೆ ಆಚೆ ಜೆರಾಕ್ಸ್ ಯಂತ್ರದ ಬಳಿ ನಿಂತಿದ್ದೆ. ಅಕ್ಕ ತಿರುಗಿದಳು, ನನ್ನ ಗುರುತು ಹಿಡಿದಳು, ಏನಾದರೂ ಹೇಳುತ್ತೇನೆಂದು ಕಾದಳು. ನಾನು ಹೇಳಲಿಲ್ಲ. ಹತ್ತು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ಆಕೆ ನೋಡಿರಬೇಕು. ನಿಮ್ಮ ನಮೂನೆಯನ್ನು ಅವತ್ತು ನನ್ನ ಮೇಲೆ ತುಂಬಿದ್ದರೆ ನನಗೂ ‘ಇಲ್ಲ’ ಎಂದೇ ಗುರುತು ಬೀಳುತ್ತಿತ್ತು: ಈಕೆಗೆ ಮನುಷ್ಯತ್ವ ಇದೆಯೇ, ಇಲ್ಲ.

ಆಕೆ ಹೊರಟ ಮೇಲೆ ಮೆಟ್ಟಿಲಿಳಿದು ಓಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಳು. “ಅಕ್ಕ, ನಾನೇ ಬರೆದದ್ದು. ನೀವು ಮಾತಾಡಲಿಲ್ಲ, ಅದಕ್ಕೆ...” ಎಂದೆ. ಅಳು ಬಂತು. ಆಕೆ ನನಗೆ ಕಪಾಳಕ್ಕೆ ಹೊಡೆದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಪೊಟ್ಟಣವನ್ನು ಮಡಿಲಿಗೆ ಹಾಕಿಕೊಂಡಳು.

“ಆ ಹೆಂಗಸು ನಿಂತಿದ್ಳಲ್ಲಮ್ಮ ಬಾಗಿಲಲ್ಲಿ. ಅವಳ ಮುಂದೆ ಹೆಂಗೆ ಹೇಳಲಿ? ಹೂಂ ಅಂದ್ರೆ ಮನೆ ಹೋಗುತ್ತೆ. ಉಹೂಂ ಅನ್ನೋಕೆ ನನಗೆ ಬಾಯಿ ಬರುತ್ತಾ? ನಮ್ಮಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹದಿನಾಲ್ಕು. ಎತ್ತಿ ಆಡಿಸಿದವಳು ಕಣಮ್ಮ ನಾನು.” ಪೊಟ್ಟಣದ ದಾರ ಬಿಗಿ ಮಾಡುತ್ತ, “ನೀನು ಅವತ್ತು ಒಂದು ಲೋಟ ನೀರು ಕೇಳಿದ್ರೆ ಸಾಕಿತ್ತು. ಅಡುಗೆಮನೆಗೆ ಕರ್ಕೊಂಡು ಹೋಗಿ ಎಲ್ಲಾ ಹೇಳ್ತಿದ್ದೆ” ಎಂದಳು.

ಯಂತ್ರವನ್ನು ಅಡುಗೆಮನೆಗೆ ಸರಿಸಿ ತಮ್ಮನಿಗೆ ಹಾಸಿಗೆ ಹಾಕುವಷ್ಟು ಜಾಗ ಮಾಡಿದ್ದಳಂತೆ. ಆ ಮನೆಯೂ ಈಗ ಇಲ್ಲ. ನನ್ನ ಗಟ್ಟಿ ದನಿಯ ಪುಣ್ಯದಿಂದ ಯಜಮಾನಿ ತಿಂಗಳೊಳಗೆ ಖಾಲಿ ಮಾಡಿಸಿದಳು. ಅಕ್ಕ ಈಗಿರುವುದು ಒಂದೇ ಕೋಣೆಯಲ್ಲಿ, ಬಸ್ ಡಿಪೋದ ಹಿಂದೆ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು, ಮಾನ್ಯರೇ. ಒಂದು ವರ್ಷ ಕಳೆದ ಮೇಲೆ ಹೊಸ ಅರ್ಜಿ ಹಾಕಬಹುದು ಎಂದು ನಿಯಮ ಹೇಳುತ್ತದೆ. ಆದರೆ ಆ ಬಡಗಿಗೆ ‘ಕುಟುಂಬದ ಅಸಮ್ಮತಿ’ ಎಂದು ಓದಿ ಹೇಳಿದ್ದಾರೆ. ಕುಟುಂಬ ಎಂದರೆ ಅವನಿಗೆ ಅಕ್ಕ ಒಬ್ಬಳೇ. ಅವತ್ತೇ ಅವನು ಭೇಟಿಯ ಪಟ್ಟಿಯಿಂದ ಅಕ್ಕನ ಹೆಸರು ಹೊಡೆದುಹಾಕಿಸಿದ. ಆಕೆ ಮೂರು ಸಲ ಹೋಗಿ ಗೇಟಿನಿಂದಲೇ ವಾಪಸು ಬಂದಿದ್ದಾಳೆ. ಬರೆದ ಪತ್ರಗಳು ಒಡೆಯದೆ ಹಿಂದಿರುಗಿವೆ. ಹೊಸ ಅರ್ಜಿಗೆ ಸಹಿ ಹಾಕುವುದಿಲ್ಲ, ಹೋಗಲು ಮನೆಯೇ ಇಲ್ಲದವನು ಹೊರಗೆ ಹೋಗಿ ಏನು ಮಾಡಲಿ ಎಂದು ಒಳಗಿನವರಿಗೆ ಹೇಳಿದ್ದಾನಂತೆ. ನಾನು ಅವನಿಗೊಂದು ಪತ್ರ ಬರೆದೆ. ಇಂಟರ್ನ್ ಆಗಿದ್ದವರು ಕೈದಿಗಳೊಂದಿಗೆ ಪತ್ರ ವ್ಯವಹಾರ ಮಾಡುವಂತಿಲ್ಲ ಎಂದು ಅದೂ ವಾಪಸು ಬಂತು. ನೋಡಿ, ಇಲ್ಲಿ ಮಾತ್ರ ನಾನು ನಿಮ್ಮವಳು.

ನನಗೆ ಈ ಲೆಕ್ಕಾಚಾರವೇ ಅರ್ಥವಾಗುವುದಿಲ್ಲ. ಕೆಲಸ ಕೇಳಿದರೆ ಅನುಭವ ಎಲ್ಲಿ ಎನ್ನುತ್ತೀರಿ. ಅನುಭವ ಬೇಕೆಂದು ಬಂದರೆ ಅಧಿಕಾರಿ ಮಾಡಬೇಕಾದ ಕೆಲಸವನ್ನು ನಮ್ಮ ಕೈಗೆ ಕೊಟ್ಟು, ಅದು ಅನುಭವವಲ್ಲ ಎನ್ನುತ್ತೀರಿ. ಕಾಲೇಜಿನ ಸೂಚನಾ ಫಲಕದಲ್ಲಿ ‘ಸಮಾಜಶಾಸ್ತ್ರ, ಅಪರಾಧ ನ್ಯಾಯದ ವಿದ್ಯಾರ್ಥಿಗಳಿಗೆ ಉಜ್ವಲ ಅವಕಾಶ’ ಎಂಬ ನಿಮ್ಮ ಪ್ರಕಟಣೆ ಈ ವರ್ಷವೂ ಅಂಟಿದೆ. ಕಳೆದ ವಾರ ಅದರ ಮುಂದೆ ಇಬ್ಬರು ಹುಡುಗಿಯರು ನಿಂತು ಕಣ್ಣರಳಿಸಿ ಓದುತ್ತಿದ್ದರು. ಹೋಗಬೇಡಿ ಎನ್ನಲೇ? ಹೇಗೆ ಹೇಳಲಿ, ಈ ಕೆಲಸ ನನಗೆ ಈಗಲೂ ಇಷ್ಟ. ಮಾಡಲು ಗೊತ್ತಿರುವವರು ಪಕ್ಕದಲ್ಲಿದ್ದಿದ್ದರೆ ನಾನು ಇದನ್ನು ಚೆನ್ನಾಗಿಯೇ ಕಲಿಯುತ್ತಿದ್ದೆ. ಹತ್ತು ವರ್ಷ ಮನೆ ಮನೆ ಸುತ್ತಿದ ಒಬ್ಬ ಅಧಿಕಾರಿ ಅವತ್ತು ನನ್ನ ಜೊತೆ ಇದ್ದಿದ್ದರೆ, ಬಾಗಿಲಲ್ಲಿ ನಿಂತವಳನ್ನು ನೋಡಿದ ತಕ್ಷಣ, ಫಾರಂ ಬ್ಯಾಗಿಗೆ ಹಾಕು ಎನ್ನುತ್ತಿದ್ದರು. ಆ ಒಂದು ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಹೇಳಬೇಕಾದವರ ಕೋಣೆಗೆ ಬೀಗ ಹಾಕಿತ್ತು.

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಗುರುತು ಹಾಕಿದ ಕೈ ನನ್ನದು. ಊಟಕ್ಕೆ ಕೂತರೆ ಆ ಪೊಟ್ಟಣ ನೆನಪಾಗುತ್ತದೆ. “ಹೋಗಿ ಇನ್ನೊಂದ್ಸಲ ಕೇಳೇ, ಅವರೂ ಮನುಷ್ಯರಲ್ವಾ” ಎನ್ನುತ್ತಾಳೆ ನಮ್ಮಮ್ಮ. ಅವಳ ಮಾತಿಗೇ ಇದು ಕೊನೆಯ ಸಲದ ಕೇಳಿಕೆ.

ನನಗೆ ಹುದ್ದೆ ಕೊಡದಿದ್ದರೆ ಬೇಡ. ಆ ಮೂರು ಬೀಗ ತೆಗೆಸಿ, ಕೆಲಸ ಬಲ್ಲವರನ್ನು ಕೂರಿಸಿ. ಅಲ್ಲಿಯವರೆಗೆ ಯಾವ ವಿದ್ಯಾರ್ಥಿಯನ್ನೂ ಒಂಟಿಯಾಗಿ ಒಂದು ಮನೆಯ ಬಾಗಿಲಿಗೆ ಕಳಿಸಬೇಡಿ. ಆ ಫಾರಂನಲ್ಲಿ ಇನ್ನೊಂದು ಚೌಕ ಹಾಕಿಸಿ. ಅದಕ್ಕೆ ಆಗುವ ಶಾಯಿ ಎಷ್ಟು? ಎಲ್ಲಕ್ಕಿಂತ ಮೊದಲು, ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ಜೈಲಿಗೆ ಹೋಗಿ ಆ ಬಡಗಿಯ ಎದುರು ಕೂತು, ನಿನ್ನ ಅಕ್ಕ ಬೇಡ ಎನ್ನಲಿಲ್ಲ, ತಪ್ಪು ನಮ್ಮದು ಎಂದು ಹೇಳಿ. ಶರ್ಟುಗಳ ವಿಷಯವನ್ನೂ ಹೇಳಿ. ಅವನು ನಂಬಲಿಕ್ಕಿಲ್ಲ, ಎರಡು ಸಲ ಹೇಳಬೇಕಾಗಬಹುದು. ಆಮೇಲೆ ಅಕ್ಕನ ಮನೆಗೆ ಮತ್ತೊಮ್ಮೆ ಹೋಗಿ. ನಿಮ್ಮ ಕಡತದಲ್ಲಿರುವ ವಿಳಾಸದಲ್ಲಿ ಆಕೆ ಸಿಗುವುದಿಲ್ಲ, ಹೊಸದನ್ನು ನಿಮಗೆ ಕಳಿಸುವ ಪ್ರತಿಯ ಜೊತೆ ಮಾತ್ರ ಇಟ್ಟಿದ್ದೇನೆ. ಇನ್ನೂ ಎರಡು ವಿಳಾಸಗಳಿವೆ. ಆ ಮನೆಗಳಲ್ಲೂ ಯಾರೂ ಬಾಯಿ ಬಿಟ್ಟಿರಲಿಲ್ಲ, ಅಲ್ಲೂ ನಾನು ‘ಇಲ್ಲ’ ಎಂದೇ ಗುರುತು ಹಾಕಿದ್ದೆ. ಅಲ್ಲಿ ಯಾರು ಯಾರಿಗೆ ಹೆದರಿ ಸುಮ್ಮನಿದ್ದರೋ ನನಗೆ ಇವತ್ತಿಗೂ ತಿಳಿಯದು.

ಹೋಗುವವರಿಗೆ ಇಷ್ಟು ಹೇಳಿ ಕಳಿಸಿ: ಕಾರ್ಡು ಜೇಬಿನಲ್ಲಿರಲಿ, ಪ್ರಶ್ನೆ ಆಮೇಲಿರಲಿ. ಮೊದಲು ಕುಡಿಯಲು ಒಂದು ಲೋಟ ನೀರು ಕೇಳಲಿ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ನಿಮ್ಮಲ್ಲಿ ಎಂದೂ ಕೆಲಸ ಮಾಡಿರದ,
ನಲವತ್ತೊಂದು ಮನೆಗಳ ವರದಿ ಬರೆದವಳು

ಲಗತ್ತು: ಮೂರು ವಿಳಾಸಗಳು. ‘ಕಾರ್ಯ ತೃಪ್ತಿಕರ’ ಎಂದು ನೀವು ಕೊಟ್ಟ ಪ್ರಮಾಣಪತ್ರ, ವಾಪಸು.